ಮನೆ ಹಿಟ್ಟಿಗೆ ಮಾನ್ಯತೆ ಇಲ್ಲ

ಅಂಗಡಿಯಲ್ಲಿ ಸಾವಿರಾರು ರೂಪಾಯಿ ಬಾಳುವ ದೋಸೆ ಯಂತ್ರ ಬರೀ ಐನೂರಕ್ಕೆ ಸಿಕ್ಕಿತೆಂದು ಮಲ್ಲಿಕಾರ್ಜುನ ದೆಹಲಿಯ ಲೋಧಿ ಕಾಲೋನಿ ತುಂಬ ಎದೆಯುಬ್ಬಿಸಿ ಓಡಾಡಿದ. ಅಷ್ಟು ಸಾಲದೆ ಭಾನುವಾರ ಬೀದಿಯವರನ್ನೆಲ್ಲ ದೋಸೆಗೆ ಕರೆದ.

ಯಂತ್ರದ ಜೊತೆ ಬಂದಿದ್ದ ಕಂಪನಿಯ ಹಿಟ್ಟಿನ ಪ್ಯಾಕೆಟ್ಟುಗಳು ಅಷ್ಟರಲ್ಲಿ ಮುಗಿದಿದ್ದವು. ಹೆಂಡತಿ ಲೀಲಮ್ಮ ತಾನೇ ರುಬ್ಬಿದ ಹಿಟ್ಟು ಸುರಿದಳು. ಯಂತ್ರ ಕೆಂಪು ದೀಪ ಹೊತ್ತಿಸಿ ಹಿಂದಿಯಲ್ಲಿ ನಯವಾಗಿ ಹೇಳಿತು: ಈ ಹಿಟ್ಟಿಗೆ ಮಾನ್ಯತೆ ಇಲ್ಲ, ಕಂಪನಿಯ ಪ್ಯಾಕೆಟ್ ತೋರಿಸಿ.

ಲೀಲಮ್ಮನ ಮುಖ ಕಾದ ಕಾವಲಿಯಾಯಿತು.

"ಮದುವೆ ಆದಾಗಿಂದ ನೀವು ತಿಂತಿರೋ ಹಿಟ್ಟು ರೀ ಇದು. ಈ ಡಬ್ಬ ಯಾರು ನನಗೆ ಮಾನ್ಯತೆ ಕೊಡೋದಕ್ಕೆ?"

ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ ಪಕ್ಕದ ಮನೆಯ ಬಸವರಾಜ ಎದ್ದು ಬಂದ. "ಅಚ್ಛಾ, ಇಷ್ಟೇನಾ? ಹಳೇ ಪ್ಯಾಕೆಟ್ ತೋರಿಸಿ, ನಮ್ಮ ಹಿಟ್ಟು ಹುಯ್ಯೋದು. ಯಂತ್ರಕ್ಕೇನು ಗೊತ್ತಾಗುತ್ತೆ?"

ಯಂತ್ರಕ್ಕೆ ಗೊತ್ತಾಯಿತು. ಒಮ್ಮೆ ಕೀರಲು ದನಿ ತೆಗೆದು, ಮುಚ್ಚಳ ಬಿಗಿದುಕೊಂಡು, ಮುನಿದ ಅಳಿಯನಂತೆ ಕೂತುಬಿಟ್ಟಿತು. ಬಸವರಾಜ ಸೌಟಿನಿಂದ ಮೀಟಿದ. ಸೌಟು ಮುರಿಯಿತು.

ಕರೆಗಂಟೆ ಸದ್ದಾಯಿತು. ಅತಿಥಿಗಳೆಂದು ಮಲ್ಲಿಕಾರ್ಜುನ ಬೆವರುತ್ತ ಬಾಗಿಲು ತೆರೆದರೆ, ಕಂಪನಿಯ ಅಂಗಿ ತೊಟ್ಟ ಯುವಕ.

"ನಮಸ್ಕಾರ ಅಂಕಲ್, ನಾನು ಪವನ್, ದಾವಣಗೆರೆಯವನು. ನೀವು ಬೇರೆ ಹಿಟ್ಟು ಹಾಕಿದಿರಿ ಅಂತ ನಿಮ್ಮ ಯಂತ್ರ ದೂರು ಕೊಟ್ಟಿದೆ."

ಮಲ್ಲಿಕಾರ್ಜುನ ಯಂತ್ರದ ಕಡೆ ಬೆರಳು ಮಾಡಿದ. "ನಾನು ದುಡ್ಡು ಕೊಟ್ಟು ತಂದ ಯಂತ್ರ ನನ್ನ ಮೇಲೇ ದೂರು ಕೊಡುತ್ತಾ?"

"ಐನೂರಕ್ಕೆ ಯಂತ್ರ ಕೊಟ್ರೆ ನಮಗೆ ನಷ್ಟ ಅಂಕಲ್. ಆಮೇಲೆ ನೀವು ದಿನಾ ಕೊಳ್ಳೋ ಹಿಟ್ಟಲ್ಲೇ ಅದು ವಾಪಸ್ ಬರಬೇಕು."

ಅಷ್ಟರಲ್ಲಿ ಬೀದಿಯವರೆಲ್ಲ ಬಂದರು. ಲೀಲಮ್ಮ ಹಳೆಯ ಕಾವಲಿ ಒಲೆಗಿಟ್ಟು, ಚುಂಯ್ ಎಂದು ದೋಸೆ ಹುಯ್ದು ಮಾನ ಉಳಿಸಿದಳು. ಮೊದಲ ತಟ್ಟೆ ಪವನನಿಗೇ ಕೊಟ್ಟಳು, ಹಟಕ್ಕೆ. ಅವನು ಒಂದು ತುತ್ತು ತಿಂದವನೇ ಇನ್ನೊಂದು ದೋಸೆ ಕೇಳಿದ. ಐದು ದೋಸೆ ಮುಗಿಸಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಬಂದು ಲೀಲಮ್ಮನೊಡನೆ ಬಹಳ ಹೊತ್ತು ಪಿಸುಗುಟ್ಟಿದ. ಹೋಗುವಾಗ ಹಿಟ್ಟಿನ ಪಾತ್ರೆಯನ್ನೇ ಹೊತ್ತೊಯ್ದ.

ಸಂಜೆ ಮಲ್ಲಿಕಾರ್ಜುನನಿಗೆ ಹಸಿವಾಯಿತು. "ಲೀಲಾ, ನಾಳೆಗೆ ಹಿಟ್ಟು ರುಬ್ಬಿದೀಯಲ್ಲ, ಅದರಲ್ಲೇ ಎರಡು ದೋಸೆ ಹುಯ್ಯಿ."

ಲೀಲಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಆಗಲ್ಲ ರೀ. ನನ್ನ ಹಿಟ್ಟು ಇನ್ಮೇಲೆ ಕಂಪನಿದು. ಬೇರೆ ಯಾರಿಗೂ ಕೊಡೋ ಹಾಗಿಲ್ಲ ಅಂತ ಸಹಿ ಹಾಕಿದೀನಿ."

"ನಾನು ಬೇರೆಯವನೇನೆ?"

"ಅದನ್ನೂ ಕೇಳ್ದೆ. ಪ್ಯಾಕೆಟ್ ತರಿಸ್ಕೋಬೇಕಂತೆ. ಗಂಡನಿಗೂ ರಿಯಾಯಿತಿ ಇಲ್ವಂತೆ."