ಮುಂದಿನ ಕುದುರೆ, ಹಿಂದಿನ ಕುದುರೆ

"ಆರು ವಾರ ತಾನೇ? ಆರು ವರ್ಷ ಅಂದ್ರೂ ಇರ್ತೀನಿ! ನಾನೇನು ಕುದುರೆ ಬಾಲ ಹಿಡ್ಕೊಂಡು ಹುಟ್ಟಿದೀನಾ?"

ಮೂಳೆ ಡಾಕ್ಟರ ಕೋಣೆಯಿಂದ ಹೊರಬರುತ್ತಲೇ ಕುದುರೆಯಮ್ಮ ಮಾಡಿದ ಘೋರ ಪ್ರತಿಜ್ಞೆ ಇದು! ಬಲಗೈ ಜೋಲಿಯಲ್ಲಿತ್ತು, ಮೂಗು ಆಕಾಶದಲ್ಲಿತ್ತು. ಅವಳ ಕೈಚೀಲ ಹಿಡಿದು ಹಿಂದೆ ಬರುತ್ತಿದ್ದ ಗಂಡ ಏನೂ ಹೇಳಲಿಲ್ಲ. ಅವನದು ಕನ್ನಡಕದ ಅಂಗಡಿ. ಹದಿನೈದು ವರ್ಷದ ಸಂಸಾರದಲ್ಲಿ ಏನೂ ಹೇಳದಿರುವ ವಿದ್ಯೆಯನ್ನು ಅವನು ಕರಗತ ಮಾಡಿಕೊಂಡಿದ್ದ.

ಕುದುರೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಕಸುಬು ಡ್ರೆಸ್ಸಾಜ್. ಅಂದರೆ ಬಾಲಕ್ಕೆ ಬೆಂಕಿ ಬಿದ್ದಂತೆ ಕುದುರೆಯನ್ನು ಓಡಿಸುವುದಲ್ಲ. ಮೈದಾನದ ಸುತ್ತ ಇಂಗ್ಲಿಷ್ ಅಕ್ಷರಗಳ ಹಲಗೆ ಇಟ್ಟು, ಒಂದು ಅಕ್ಷರದಿಂದ ಇನ್ನೊಂದಕ್ಕೆ ನಾಜೂಕಾಗಿ ನಡೆಸುವುದು, ಅಡ್ಡಡ್ಡ ನಡೆಸುವುದು, ಹೇಳಿದ ಕಡೆ ಕಂಬದ ಹಾಗೆ ನಿಲ್ಲಿಸುವುದು. ಇಷ್ಟೆಲ್ಲ ಮಾಡಿಸುವಾಗಲೂ ಸವಾರಳು ಸುಮ್ಮನೆ ಕೂತಂತೆ ಕಾಣಬೇಕು. ಆ ಸುಮ್ಮನೆ ಕೂರುವುದನ್ನು ಕಲಿಯಲು ಅವಳಿಗೆ ಹದಿನೇಳು ವರ್ಷ ಹಿಡಿದಿತ್ತು!

ಆ ಹದಿನೇಳು ವರ್ಷದಲ್ಲಿ ಒಮ್ಮೆಯೂ ಕುದುರೆಯಿಂದ ಬೀಳದ ಮಹಾವೀರೆ, ಡಬ್ಬಿ ಇಳಿಸಲು ಹೋಗಿ ಅಡುಗೆಮನೆಯ ಸ್ಟೂಲಿನಿಂದ ಬಿದ್ದಳು. ಹೆಗಲಿನ ಮೂಳೆ ಎರಡಾಯಿತು. "ಆರು ವಾರ ಲಾಯದ ಕಡೆ ತಲೆ ಹಾಕ್ಬೇಡಿ. ನಿಮ್ಮ ಕುದುರೆ ಪ್ರೀತಿಯಿಂದ ಒಂದ್ಸಲ ತಲೆ ತಿಕ್ಕಿದ್ರೂ ಸಾಕು, ಮೂಳೆ ಮೂರಾಗುತ್ತೆ" ಎಂದರು ಡಾಕ್ಟರು. ಕುದುರೆ ಒದೆಯುತ್ತದೆ ಎಂದು ಹೆದರಿಸುವವರನ್ನು ಅವಳು ಕಂಡಿದ್ದಳು. ಪ್ರೀತಿ ಮಾಡುತ್ತದೆ ಎಂದು ಹೆದರಿಸಿದವರು ಇವರೇ ಮೊದಲು.

ಕುದುರೆಯ ಹೆಸರು ಮಹಾರಾಯ. ಮೂರು ವರ್ಷದ ಮೊಂಡನಾಗಿದ್ದಾಗ ತಂದು, ಕೈಯಾರೆ ತಿನ್ನಿಸಿ, ಬೈದು, ಬೇಡಿಕೊಂಡು ಅವಳೇ ಪಳಗಿಸಿದ ಪ್ರಾಣಿ. ಯಾರು ಯಾರನ್ನು ಪಳಗಿಸಿದರೋ, ಆ ವಿಷಯ ಬೇರೆ.

ಪ್ರತಿಜ್ಞೆ ಒಂದೂವರೆ ದಿನ ಬಾಳಿತು! ಬೆಳಿಗ್ಗೆ ಐದಕ್ಕೆ ಕಣ್ಣು ಬಿಟ್ಟರೆ ಕಾಲುಗಳು ತಾವಾಗಿಯೇ ಬೂಟು ಹುಡುಕುತ್ತಿದ್ದವು. ಅಂಗೈಗೆ ಅವನ ಬೆಚ್ಚನೆಯ ಕತ್ತು ಬೇಕಿತ್ತು. ಅವನು ಅವಳ ಕಿವಿಯ ಬಳಿ ಬಿಡುವ ಆ ದೊಡ್ಡ ಉಸಿರಿಲ್ಲದೆ ಬೆಳಗಾಯಿತೆಂದೇ ಅವಳಿಗೆ ಅನಿಸುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಭಯ ಕಾಡುತ್ತಿತ್ತು: ಆರು ವಾರದಲ್ಲಿ ಅವನು ತನ್ನನ್ನು ಮರೆತುಬಿಟ್ಟರೆ?

ಬಾಗಿಲ ಹಿಂದೆ ಅವಳ ಹಳೆಯ ಸವಾರಿ ಕೋಟು ನೇತಾಡುತ್ತಿತ್ತು. ಯಾರೂ ಇಲ್ಲದಾಗ ಅದರಲ್ಲಿ ಮುಖ ಹುದುಗಿಸಿ ಮೂಸತೊಡಗಿದಳು. ಸಹಾಯಕ್ಕೆಂದು ಬಂದಿದ್ದ ಅತ್ತೆಯ ಕಣ್ಣಿಗೆ ಎರಡನೆಯ ದಿನವೇ ಸಿಕ್ಕಿಬಿದ್ದಳು. ಅತ್ತೆ ನಿವೃತ್ತ ಶಾಲಾ ಮೇಡಂ. ಮೂವತ್ತು ವರ್ಷ ಕಾಲ ಹಿಂದಿನ ಬೆಂಚಿನವರನ್ನೂ ಬಿಡದ ಕಣ್ಣು!

"ಏನಮ್ಮಾ ಅದು?"

"ಕೋಟು ಒಣಗಿದೆಯಾ ನೋಡ್ತಿದ್ದೆ ಅತ್ತೆ."

"ಒಗೆದೇ ಇಲ್ಲ, ಒಣಗೋದೆಲ್ಲಿಂದ?"

ಮಹಾರಾಯನಿಗೆ ಮೇವು ಹಾಕಿ ಬರುವ ಕೆಲಸ ಗಂಡನ ಪಾಲಿಗೆ ಬಂತು. ಕುದುರೆ ಎಂದರೆ ಅವನಿಗೆ ಜೀವಭಯ. ಮದುವೆಯ ಹೊಸತರಲ್ಲಿ ಮಹಾರಾಯನಿಗಿಂತ ಮುಂಚೆ ಇದ್ದ ಕುದುರೆ ಅವನ ಟೋಪಿ ತಿಂದಿತ್ತು. ಆದರೂ ದಿನಾ ಅಂಗಡಿ ತೆರೆಯುವ ಮುಂಚೆ ಹೋಗಿ ಬರುತ್ತಿದ್ದ. ಬಂದೊಡನೆ ವಿಚಾರಣೆ!

"ತಿಂದ್ನಾ?"

"ಹೂಂ."

"ಬಾಗಿಲ ಕಡೆ ನೋಡಿದ್ನಾ?"

"ಇಲ್ಲ. ಆರಾಮಾಗಿದಾನೆ."

ಆರಾಮಾಗಿದ್ದಾನೆ ಎಂದರೆ ಸಂತೋಷಪಡಬೇಕಲ್ಲವೇ? ಅವಳು ಆ ದಿನ ಮಧ್ಯಾಹ್ನ ಊಟವನ್ನೇ ಬಿಟ್ಟಳು. ನಾಲ್ಕನೆಯ ದಿನ ನೋಡಿದರೆ ಕೋಟೂ ಮಾಯ!

"ಅತ್ತೆ, ಒಗೆದುಬಿಟ್ರಾ?"

"ಅದನ್ನ ಮುಟ್ಟೋಕೆ ನನಗೆ ಇಕ್ಕಳ ಬೇಕು! ಕಾಲು ಬಂದು ಅದೇ ನಡ್ಕೊಂಡು ಹೋಗಿರುತ್ತೆ!"

ಗಂಡ ಪೇಪರಿನ ಹಿಂದೆ ಅಡಗಿಕೊಂಡ. ಪೇಪರು ತಲೆಕೆಳಗಾಗಿತ್ತು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಇನ್ನು ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅವಳು ಹಾಲ್‌ನ ಗೋಡೆಗಳಿಗೆ ಮೈದಾನದಲ್ಲಿರುವ ಕ್ರಮದಲ್ಲೇ ಅಕ್ಷರ ಅಂಟಿಸಿದಳು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಪಾಠ ಮರೆಯದಂತೆ ಕಾಲ್ನಡಿಗೆಯಲ್ಲಿ ಅಭ್ಯಾಸ ಮಾಡುವುದು ಸವಾರರೆಲ್ಲರ ಪದ್ಧತಿ. ಆದರೆ ಕುದುರೆಯಿಲ್ಲದ ಸವಾರಿ ಎಂಥ ಸವಾರಿ? ಅವಳ ಕಣ್ಣು ಸೋಫಾದ ಮೇಲೆ ಬಿತ್ತು. ಸೋಫಾದ ಮೇಲೆ ಗಂಡನಿದ್ದ.

"ರೀ, ಸ್ವಲ್ಪ ಏಳಿ."

ಎರಡು ನೈಟ್‌ಗೌನಿನ ದಾರ ಜೋಡಿಸಿದರೆ ಲಗಾಮು ಸಿದ್ಧ! ಸಂಜೆ ಅರ್ಧ ಗಂಟೆ ಆ ಸಾಧು ಪ್ರಾಣಿ ಊಟದ ಮೇಜಿನ ಸುತ್ತ ಕುಕ್ಕುಲೋಟ ಓಡಿತು, ಶೋಕೇಸಿನಿಂದ ಕಿಟಕಿಯವರೆಗೆ ಅಡ್ಡಡ್ಡ ನಡೆಯಿತು.

"ತಿರುಗು! ಬೆನ್ನು ನೆಟ್ಟಗೆ! ತೂಕ ಹಿಂಗಾಲಿಗೆ!"

"ಹಿಂಗಾಲು ಎಲ್ಲಿಂದ ತರ್ಲೇ?"

"ಕುದುರೆ ಮಾತಾಡಲ್ಲ!"

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಗಂಡನಿಗೆ ಹೋಗು ಬಾ ಅಂತೀಯಲ್ಲೇ!"

"ಕುದುರೆಗೆ ಹೋಗ್ರಿ ಬನ್ರಿ ಅನ್ನೋಕಾಗುತ್ತಾ ಅತ್ತೆ?"

ಅತ್ತೆ ಕುರ್ಚಿ ಎಳೆದು 'ಸಿ' ಅಕ್ಷರದ ಕೆಳಗೆ ಕೂತು, "ಎಡಗಾಲು ಎಳೀತಿದಾನೆ. ಚಿಕ್ಕವನಿದ್ದಾಗಿಂದ ಹಾಗೇ. ಹತ್ತಕ್ಕೆ ನಾಲ್ಕು" ಎಂದು ತೀರ್ಪು ಕೊಟ್ಟರು. ಡ್ರೆಸ್ಸಾಜಿನಲ್ಲಿ ತೀರ್ಪುಗಾರರು ಕೂರುವುದು 'ಸಿ' ಬಳಿಯೇ ಎಂದು ಅವರಿಗೆ ಯಾರು ಹೇಳಿದ್ದರೋ!

ಅನಾಹುತವಾದದ್ದು ಮೂರನೆಯ ವಾರ. ಅಕ್ಷರಗಳು ದಿಕ್ಕಾಪಾಲಾಗಿವೆ ಎಂದು ಅತ್ತೆ ಮಧ್ಯಾಹ್ನ ಅವನ್ನೆಲ್ಲ ಕಿತ್ತು, ಎ, ಬಿ, ಸಿ ಎಂದು ಕ್ರಮವಾಗಿ ಅಂಟಿಸಿಬಿಟ್ಟಿದ್ದರು. ಸಂಜೆ ಕುದುರೆಯಮ್ಮ ಕಣ್ಣು ಮುಚ್ಚಿ, ಮಹಾರಾಯನನ್ನೇ ಮನಸ್ಸಿನಲ್ಲಿ ನೆನೆದುಕೊಂಡು, "ಎಂ ಹತ್ತಿರ ಬಲಕ್ಕೆ!" ಎಂದಳು. ವಿಧೇಯ ಗಂಡ ಎಂ ಎಲ್ಲಿದೆಯೋ ಅಲ್ಲಿ ಬಲಕ್ಕೆ ತಿರುಗಿದ. ಅಲ್ಲಿ ಶೋಕೇಸಿತ್ತು! ಹನ್ನೆರಡು ಗಾಜಿನ ಲೋಟ, ಒಂದು ಹೂದಾನಿ, ಅವಳು ಗೆದ್ದ ಎರಡು ಕಪ್ಪು, ಎಲ್ಲವೂ ಅವನ ಮೇಲೆ.

"ಎ ಆದ್ಮೇಲೆ ಕೆ ಬರೆದವಳದ್ದು ತಪ್ಪು!" ಎಂದರು ಅತ್ತೆ.

ಕುದುರೆಯಮ್ಮ ಗಾಬರಿಯಿಂದ ಓಡಿಹೋಗಿ, ಅಭ್ಯಾಸಬಲದಿಂದ ಅವನ ಕತ್ತು ತಟ್ಟಿ, "ಏನಿಲ್ಲ, ಏನಿಲ್ಲ, ಶಾಬಾಷ್" ಎಂದು ಬಾಯಿಗೆ ಕ್ಯಾರೆಟ್ ಇಟ್ಟಳು. ಹಣೆಯಲ್ಲಿ ಬುಗುಟೆ ಎದ್ದಿದ್ದರೂ ಅವನು ಕ್ಯಾರೆಟ್ ಅಗಿಯುತ್ತ ನಕ್ಕ. ಅಷ್ಟು ಸಂತೋಷದ ನಗೆಯನ್ನು ಅವಳು ಅವನ ಮುಖದಲ್ಲಿ ನೋಡಿ ಬಹಳ ಕಾಲವಾಗಿತ್ತು. ಯಾಕೆಂದು ಆಗ ಹೊಳೆಯಲಿಲ್ಲ.

ಅಂತೂ ಆರು ವಾರ ಕಳೆಯಿತು. "ಬರೀ ನಡಿಗೆ, ಹತ್ತೇ ನಿಮಿಷ" ಎಂದು ಡಾಕ್ಟರು ಅಪ್ಪಣೆ ಕೊಟ್ಟರು. ಮೂವರೂ ಲಾಯಕ್ಕೆ ಹೋದರು.

ಮಹಾರಾಯ ಕಿವಿ ನಿಮಿರಿಸಿದ. ಕತ್ತು ಚಾಚಿದ. ಸಣ್ಣಗೆ ಕೆನೆದ. ಅವಳು ತೋಳು ತೆರೆದಳು. ಅವನು ಅವಳನ್ನು ದಾಟಿ, ಹಿಂದೆ ನಿಂತಿದ್ದ ಗಂಡನ ಎದೆಗೆ ಮೂತಿ ಇಟ್ಟ!

"ಮರೆತುಬಿಟ್ಟ" ಎಂದಳು ಕುದುರೆಯಮ್ಮ. ಕಣ್ಣು ತುಂಬಿ ಬಂತು.

ಗಂಡ ತಪ್ಪಿತಸ್ಥನಂತೆ ಲಾಯದ ಮೊಳೆಯಿಂದ ಒಂದು ಬಟ್ಟೆ ತೆಗೆದು ಅವಳ ಕೈಗಿಟ್ಟ. ಕೋಟು! ಎರಡೂ ತೋಳಿನ ಹೊಲಿಗೆ ಬಿಟ್ಟುಹೋಗಿತ್ತು.

"ಮರೆತಿಲ್ಲ ಕಣೇ. ಮೊದಲ ಮೂರು ದಿನ ಹುಲ್ಲು ಮೂಸಲಿಲ್ಲ. ಬಾಗಿಲನ್ನೇ ನೋಡ್ಕೊಂಡು ನಿಂತಿದ್ದ. ನಿನಗೆ ಹೇಳಿದ್ರೆ ಓಡಿ ಬಂದುಬಿಡ್ತಿದ್ದೆ. ಅದಕ್ಕೆ ನಿನ್ನ ಕೋಟು ಹಾಕ್ಕೊಂಡು ಬಂದೆ. ಅದರಲ್ಲಿ ಮೂತಿ ಹುದುಗಿಸಿ ನಿಂತುಬಿಟ್ಟ. ಆಮೇಲೇನು ಮಾಡೋದು? ನನಗೆ ಬರ್ತಿದ್ದಿದ್ದು ನೀನು ಕಲಿಸಿದ ಪಾಠ ಒಂದೇ. ನಾನು ನಡೆದೆ. ಅವನು ಹಿಂದೆ ಬಂದ. ದಿನಾ ಬಂದ."

"ಹೆದರಿಕೆ ಆಗ್ಲಿಲ್ವೇನ್ರಿ?"

"ಆಗುತ್ತೆ. ಈಗ್ಲೂ ಆಗ್ತಿದೆ. ಆದ್ರೆ ಅವನ ಕಷ್ಟ ನನಗೆ ಗೊತ್ತಿತ್ತು. ನೀನು ಬರೋದನ್ನ ಅವನು ಮೂರು ದಿನ ಕಾದ. ನಾನು ಹದಿನೈದು ವರ್ಷದಿಂದ ಬೆಳಿಗ್ಗೆ ಕಾಯ್ತಿದೀನಿ. ಈ ಆರು ವಾರ ಸಂಜೆ ಅರ್ಧ ಗಂಟೆ ನೀನು ನನಗೆ ಸಿಕ್ತಿದ್ದೆ. ಲೋಟ ಒಡೆದ್ರೂ ಪರವಾಗಿಲ್ಲ ಅನ್ನಿಸ್ತು."

ಅವಳು ಕೋಟನ್ನು ಮೂಸಿದಳು. ಅದರಲ್ಲಿ ಮಹಾರಾಯನಿದ್ದ, ಕನ್ನಡಕ ಒರೆಸುವ ದ್ರವವಿತ್ತು, ಕ್ಯಾರೆಟ್ ಇತ್ತು. ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಕೋಟು ತೊಟ್ಟು, ಗಂಡನ ಹೆಗಲು ಹಿಡಿದು ಕುದುರೆ ಹತ್ತಿದಳು.

ಮಹಾರಾಯ ಕದಲಲಿಲ್ಲ. ಕಾಲು ಒತ್ತಿದಳು, ನಾಲಿಗೆಯಿಂದ ಕ್ಲಿಕ್ ಎಂದಳು, ಹದಿನೇಳು ವರ್ಷದ ವಿದ್ಯೆಯನ್ನೆಲ್ಲ ಖರ್ಚು ಮಾಡಿದಳು. ಊಹೂಂ!

"ರೀ," ಎಂದಳು ಕೊನೆಗೆ, ತೀರಾ ಮೆತ್ತಗೆ, "ಸ್ವಲ್ಪ ಮುಂದೆ ನಡೀತೀರಾ?"

ಗಂಡ ಮುಂದೆ ನಡೆದ. ಮಹಾರಾಯ ಹಿಂದೆ ನಡೆದ. ಎಂ ಹತ್ತಿರ ಇಬ್ಬರೂ ಬಲಕ್ಕೆ ತಿರುಗಿದರು, ಅಡ್ಡಡ್ಡ ಹೆಜ್ಜೆ ಹಾಕಿದರು, ನಟ್ಟನಡುವೆ ಬಂದು ಕಂಬದ ಹಾಗೆ ನಿಂತು ತಲೆ ಬಾಗಿಸಿದರು. 'ಸಿ' ಬಳಿ ಬಕೆಟ್ ಬೋರಲು ಹಾಕಿ ಕೂತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು.

"ಮುಂದಿನ ಕುದುರೆಗೆ ಎಂಟು. ಎಡಗಾಲು ಸುಧಾರಿಸಿದೆ. ಹಿಂದಿನದಕ್ಕೂ ಎಂಟು."

"ನನಗೆ ಅತ್ತೆ?"

"ನಿನಗೆಂಥದ್ದು? ನೀನು ಸುಮ್ನೆ ಕೂತಿದ್ದೆ!"