ಹಿನ್ನೀರಿನ ದಂಡೆಯಲ್ಲಿ ಅವ್ವನ ಮುಯ್ಯಾಳು

ಎರಡು ವರ್ಷದ ಹಿಂದೆ, ತಿಕೋಟಾದ ನಮ್ಮ ಕಚೇರಿಯಲ್ಲಿ, ಹನ್ನೊಂದರ ಚಹಾದ ಹೊತ್ತಿಗೆ, ನಾಲ್ಕು ಜನರ ಸಮಕ್ಷಮ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಕೇರಳದ ಹಿನ್ನೀರಿನ ರಿಸಾರ್ಟಿನಲ್ಲಿ ಎರಡು ದಿನ ನನ್ನ ಅವ್ವನ ಕೈಗೆ ಒಂದು ಕಡ್ಡಿ ಕೆಲಸವನ್ನೂ ಮುಟ್ಟಿಸುವುದಿಲ್ಲ! ಅವಳು ಮಹಾರಾಣಿಯಂತೆ ಕೂತಿರಬೇಕು, ಪಕ್ಕದಲ್ಲಿ ನಾನು ಮಹಾರಾಜನಂತೆ ಒರಗಿರಬೇಕು.

"ನಿಮ್ಮವ್ವಗ ಸುಮ್ಮನ ಕುಂಡ್ರೂದು ಬರತೈತೇನೋ ರಾಜಾರಾಮ?" ಎಂದ ಪಕ್ಕದ ಟೇಬಲಿನ ನದೀಮ.

"ಕಲಿಸ್ತೀನಿ ತಗೋ," ಎಂದೆ.

ಅವ್ವ, ಅಂದರೆ ತಿಪ್ಪವ್ವ, ಮಮದಾಪುರದವಳು. ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ, ನಮಗಿದ್ದದ್ದು ಎರಡೆಕರೆ ಜೋಳ. ಆ ಸುಗ್ಗಿಗೆ ಆಳು ಹಚ್ಚುವ ತಾಕತ್ತು ನಮಗೆಲ್ಲಿಂದ ಬರಬೇಕು? ಒಂದು ಮುಂಜಾನೆ ನಮ್ಮ ಓಣಿಯ ಪೀರಾಂಬಿ ಇನ್ನಿಬ್ಬರನ್ನು ಕರೆದುಕೊಂಡು, ಕುಡುಗೋಲು ಹಿಡಿದು, ಯಾರೂ ಕರೆಯದೆ ನಮ್ಮ ಹೊಲಕ್ಕೆ ಬಂದಿಳಿದಳು. ಮರುವಾರ ಅವ್ವ ನನ್ನ ಕೈ ಹಿಡಿದುಕೊಂಡು ಆ ಮೂವರ ಹೊಲಕ್ಕೂ ಹೋಗಿ ಒಂದೊಂದು ದಿನ ದುಡಿದು ಬಂದಳು. ಇದಕ್ಕೆ ನಮ್ಮಲ್ಲಿ ಮುಯ್ಯಾಳು ಅನ್ನುತ್ತಾರೆ. ಇಂದು ನಮ್ಮ ಹೊಲದಲ್ಲಿ ನೀನು, ನಾಳೆ ನಿನ್ನ ಹೊಲದಲ್ಲಿ ನಾನು. ಬದುವಿನ ಮೇಲೆ ಆ ನಾಲ್ವರು ಹೆಂಗಸರ ನಡುವೆ ಕೂತು ನಾನು ತಿಂದ ರೊಟ್ಟಿ, ಪುಂಡಿಪಲ್ಯ, ನನ್ನ ಕೈಗೆ ಪೀರಾಂಬಿ ಇಡುತ್ತಿದ್ದ ಬೆಲ್ಲದ ಚೂರು ಇವತ್ತಿಗೂ ಮರೆತಿಲ್ಲ. ಅಂಥ ಅವ್ವನಿಗೆ ಎರಡೇ ದಿನ ಸುಖ ಕೊಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ವಿಜಯಪುರದಿಂದ ಎರಡು ರೈಲು, ಒಂದು ಕಾರು, ಒಂದು ದೋಣಿ ಬದಲಿಸಿ ರಿಸಾರ್ಟು ಮುಟ್ಟಿದೆವು. ಎಲ್ಲಿ ನೋಡಿದಲ್ಲಿ ನೀರು, ನೀರಿಗೆ ಬಾಗಿದ ತೆಂಗು. ಅವ್ವನನ್ನು ಬೆತ್ತದ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದೆ. ಅವಳು ಬಹಳ ಹೊತ್ತು ನೀರನ್ನೇ ನೋಡಿದಳು.

"ಇಷ್ಟು ನೀರು ಇಲ್ಲಿ ಖಾಲಿ ಕುಂತೈತಲ್ಲೋ," ಎಂದಳು. "ನೀರಿಲ್ಲದ ನಮ್ಮ ಸಾರವಾಡ ಮಂದಿಗರ ಬಿಡಬಾರದಾ?"

ಅಷ್ಟರಲ್ಲಿ ಕೋಣೆ ಶುಚಿ ಮಾಡುವ ಹೆಂಗಸು ಬಂದಳು. ಐವತ್ತರ ಮೇಲಿನ ವಯಸ್ಸು. ಕಸ ಗುಡಿಸಿದಳು, ನೆಲ ಒರೆಸಿದಳು, ಟವೆಲ್ಲುಗಳನ್ನು ಮಡಚಿ ಹಾಸಿಗೆಯ ಮೇಲೆ ಜೋಡಿ ಬಾತುಕೋಳಿ ಮಾಡಿಟ್ಟಳು. ಅವ್ವ ಮೂರು ಸಲ ಏಳಲು ಹೋದಳು, ಮೂರು ಸಲವೂ ನಾನು ಭುಜ ಹಿಡಿದು ಕೂಡಿಸಿದೆ.

"ಕುಂಡ್ರವ್ವಾ. ಅದು ಅಕಿ ಕೆಲಸ."

"ಅಕಿಗೂ ನನ್ನಂಗ ಮೊಣಕಾಲು ನೋವು ಐತಿ. ನೆಲಕ್ಕ ಕೈ ಊರಿ ಏಳಾಕತ್ತಾಳ ನೋಡು."

ನನ್ನ ಹೆಂಡತಿ ಯಶೋಧರಾ ಇದನ್ನೆಲ್ಲ ಎಳನೀರು ಕುಡಿಯುತ್ತ ನೋಡುತ್ತಿದ್ದಳು. "ನಿಮ್ಮ ಪ್ರತಿಜ್ಞಾಕ್ಕ ನಾಳೆ ಮಧ್ಯಾಹ್ನದ ತನಕರ ಆಯುಷ್ಯ ಐತೇನ್ರಿ?" ಎಂದಳು. ನಾನು ಆ ಕ್ಷುಲ್ಲಕ ಪ್ರಶ್ನೆಯನ್ನು ಬದಿಗೊತ್ತಿ ನನಗೂ ಒಂದು ಎಳನೀರು ತರಿಸಿದೆ.

ಮರುದಿನ ಮುಂಜಾನೆ ಹನ್ನೊಂದು ಅಪ್ಪಂ ಬಾರಿಸಿ, ಎರಡು ತೆಂಗಿನ ನಡುವಿನ ಜೋಲಿಯಲ್ಲಿ ಮಲಗಿದವನು ಎಚ್ಚರಾಗಿ ನೋಡುತ್ತೇನೆ, ಬೆತ್ತದ ಕುರ್ಚಿ ಖಾಲಿ. ಕೋಣೆಯಲ್ಲಿಲ್ಲ, ಊಟದ ಮನೆಯಲ್ಲಿಲ್ಲ. ದೋಣಿ ಹತ್ತುವ ಮೆಟ್ಟಿಲ ಮೇಲೆ, ನೀರಿಗೆ ಒಂದೇ ಗೇಣು ದೂರದಲ್ಲಿ, ಅವಳ ಚಪ್ಪಲಿ ಇದ್ದವು.

ನಾನು ಕೂಗಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ, ಆಮೇಲೆ ಯಾವ ಭಾಷೆಯಲ್ಲಿ ಎಂದು ನನಗೇ ಗೊತ್ತಿಲ್ಲ. ಮ್ಯಾನೇಜರು ಓಡಿ ಬಂದರು. ಆರು ಜನ ಕೆಲಸಗಾರರು ಬಟ್ಟೆಯ ಸಮೇತ ನೀರಿಗೆ ಜಿಗಿದರು. ಎರಡು ದೋಣಿ ಹೊರಟವು, ಯಾರೋ ಪ್ರವಾಸಿಗರು ಸೀಟಿ ಊದಿದರು. ಈಜು ಬಾರದ ನಾನು ಮೊಣಕಾಲು ನೀರಿನಲ್ಲಿ ನಿಂತು ಸಣ್ಣ ಹುಡುಗನಂತೆ ಅತ್ತೆ. ನಿಜ ಹೇಳುತ್ತೇನೆ, ಆ ಹತ್ತು ನಿಮಿಷ ನಗುವಂಥದ್ದಲ್ಲ. ಇನ್ನು ನನ್ನನ್ನು ರಾಜ್ಯಾ ಎಂದು ಕರೆಯುವವರು ಯಾರು ಎಂಬುದೊಂದೇ ತಲೆಯಲ್ಲಿತ್ತು.

ಆಗ ದಂಡೆಯಲ್ಲಿ ನೆರೆದ ಗುಂಪನ್ನು ಮೊಣಕೈಯಿಂದ ಸರಿಸುತ್ತ ಒಬ್ಬ ಮುದುಕಿ ಮುಂದೆ ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಬರಿಗಾಲು, ಕೈಯಲ್ಲಿ ಕಸಬರಿಗೆ.

"ಯಾರು ಬಿದ್ದಾರೋ ರಾಜ್ಯಾ?" ಎಂದಳು ಅವ್ವ.

"ನೀನ ಬೇ!"

"ನಾ ಇಲ್ಲೇ ಅದೀನಲ್ಲೋ."

ಅವಳ ಹಿಂದೆ ನಿನ್ನೆಯ ಆ ಹೆಂಗಸು ಹೆದರಿ ನಿಂತಿದ್ದಳು. ಅವ್ವ ಅವಳ ಕೈ ಹಿಡಿದು ಮುಂದೆ ಎಳೆದುಕೊಂಡಳು. "ನಿನ್ನೆ ಈಕಿ ನಮ್ಮ ಖೋಲಿ ಹಸನ ಮಾಡಿ ಹೋದಳು. ಮುಯ್ಯಾಳು ತೀರಸಬ್ಯಾಡಾ? ಮೆಟ್ಟಿಲ ಮ್ಯಾಲ ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು, ಹಿಂದಿನ ಮೂರು ಖೋಲಿ ನಾನ ಕಸ ಹೊಡದೀನಿ. ಈಕಿ ಕಾಲು ಚಾಚಿ ಕುಂತಿದ್ದಳು, ಪಾಪ. ಇಬ್ಬರು ಹೆಣ್ಣಮಕ್ಕಳಂತ, ಸಣ್ಣ ಅಳಿಯ ಭಾಳ ಕುಡಿತಾನಂತ."

ಒಬ್ಬಳಿಗೆ ಮಲಯಾಳಂ ಬಾರದು, ಇನ್ನೊಬ್ಬಳಿಗೆ ಕನ್ನಡ ಬಾರದು. ಅಳಿಯ ಕುಡಿಯುವುದು ಹೇಗೆ ತಿಳಿಯಿತೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

"ಅವ್ವಾ, ಇಲ್ಲಿ ನಾವು ರೊಕ್ಕ ಕೊಟ್ಟೀವಿ," ಎಂದೆ ಹಲ್ಲು ಕಚ್ಚಿ.

"ರೊಕ್ಕ ಮಾಲಕಗ ಕೊಟ್ಟಿ. ಸೊಂಟ ಬಗ್ಗಿಸಿದಾಕಿ ಈಕಿ."

ಮ್ಯಾನೇಜರು ಯಶೋಧರಾಳಿಂದ ಅರ್ಥ ಕೇಳಿಕೊಂಡು ನಕ್ಕುಬಿಟ್ಟರು. ಆ ಹೆಂಗಸಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಅವ್ವ ಮಾತ್ರ ದಂಡೆಯ ಮೇಲೆ ಬಟ್ಟೆ ಹಿಂಡಿಕೊಳ್ಳುತ್ತಿದ್ದ ಆರು ಜನರನ್ನು ದಿಟ್ಟಿಸುತ್ತಿದ್ದಳು.

"ಇವರು ಯಾಕ ತೊಯ್ದಾರ?"

"ನಿಮ್ಮನ್ನ ಹುಡುಕಾಕ ನೀರಿಗೆ ಜಿಗಿದಿದ್ದರ್ರಿ ಅತ್ತಿ," ಎಂದಳು ಯಶೋಧರಾ, ನನ್ನ ಕಡೆ ಬೆರಳು ತೋರಿಸಿ. "ಇವರ ಕೂಗಿ ಜಿಗಿಸಿದರು."

"ಮೊದಲ ಏನು ಕೆಲಸ ಮಾಡಾಕತ್ತಿದ್ದರು?"

ಕಾಲುವೆಯಲ್ಲಿ ಬೆಳೆದ ಅಂತರಗಂಗೆ ಕಳೆ ಕೀಳುತ್ತಿದ್ದರು ಎಂದು ಮ್ಯಾನೇಜರು ಕೈಮಾಡಿ ತೋರಿಸಿದರು. ಅವ್ವ ನನ್ನತ್ತ ತಿರುಗಿದಳು. ಮಮದಾಪುರದಲ್ಲಿ ನಾನು ಶಾಲೆ ತಪ್ಪಿಸಿ ಸಿಕ್ಕುಬಿದ್ದಾಗ ನೋಡುತ್ತಿದ್ದ ನೋಟ ಅದು. ನಲವತ್ತೆಂಟರ ವಯಸ್ಸಿನಲ್ಲಿಯೂ ನಾನು ಆ ನೋಟಕ್ಕೆ ಪ್ಯಾಂಟು ಮಡಚಿದೆ.

ಮಧ್ಯಾಹ್ನವೆಲ್ಲ ಸೊಂಟಮಟ್ಟದ ನೀರಿನಲ್ಲಿ ನಿಂತು ಕಳೆ ಕಿತ್ತೆ. ಆ ಆರೂ ಜನ ತೆಂಗಿನ ನೆರಳಲ್ಲಿ ಕೂತು ನನಗೆ ಕೀಳುವ ಕ್ರಮ ಹೇಳಿಕೊಡುತ್ತಿದ್ದರು. ಯಶೋಧರಾ ಫೋಟೋ ತೆಗೆದು ನದೀಮನಿಗೆ ಕಳಿಸಿದಳು. ಅವ್ವ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಒಂದು ಕಡ್ಡಿ ಕೆಲಸವನ್ನೂ ಮುಟ್ಟದೆ, ನಿಜಕ್ಕೂ ಮಹಾರಾಣಿಯಂತೆ ಕೂತಿದ್ದಳು.

ಬೆನ್ನು ಹಿಡಿದುಕೊಂಡು ನಾನು ಮೇಲೆ ಬರಲು ನೋಡಿದಾಗ ಮಾತ್ರ ಬಾಯಿ ಬಿಟ್ಟಳು.

"ಎಲ್ಲಿ ಬರಾಕತ್ತೀಯೋ ರಾಜ್ಯಾ? ಇನ್ನಾ ಐದು ಮಂದಿದು ಉಳದೈತಿ."