ಬಾರದ ಮಳೆಯನ್ನು ಅಳೆದುಕೊಟ್ಟ ಯಂತ್ರಕ್ಕೆ ಬಹಿರಂಗ ಪತ್ರ

ಶಾಲೆಯ ಹಿಂದಿನ ಮೈದಾನದಲ್ಲಿ, ತಂತಿ ಬೇಲಿಯೊಳಗೆ ಒಂಟಿಕಾಲಿನಲ್ಲಿ ನಿಂತು ನಮ್ಮೂರ ಮಳೆಯನ್ನು ಅಳೆಯುತ್ತಿರುವ ಮಾನ್ಯ ಮಳೆಮಾಪಕ ಮಹಾಶಯರೇ,

ತಮ್ಮ ಬೇಲಿಯ ಬೀಗದ ಕೈ ಇಟ್ಟುಕೊಂಡಿರುವ, ಹವಾಮಾನದ ವಿಷಯದಲ್ಲಿ ಸುತ್ತ ಐದೂರಿಗೆ ಹೆಸರಾದ ನನ್ನ ನಮಸ್ಕಾರಗಳು. ಅಷ್ಟು ಜನರಿರುವ ಊರಿನಲ್ಲಿ ಹೆಡ್‌ಮಾಸ್ತರರು ಆ ಬೀಗದ ಕೈಯನ್ನು ನನಗೇ ಏಕೆ ಕೊಟ್ಟರೆಂದು ನಾನೇ ಹೇಳಿಕೊಂಡರೆ ಚೆನ್ನಾಗಿರದು. ನಮ್ಮ ಮನೆ ಪಕ್ಕದಲ್ಲಿದೆ, ಅಷ್ಟೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ತಾವು ಅದನ್ನು ಕಿವಿಗೆ ಹಾಕಿಕೊಳ್ಳಬೇಕಿಲ್ಲ.

ತಾವು ಬಂದ ದಿನದಿಂದ ಕಾಗೆಗಳು ತಮ್ಮ ತಲೆಯ ಮೇಲೆ ಕೂತು ಮಾಡಬಾರದ್ದನ್ನು ಮಾಡುತ್ತಿದ್ದವು. ಸರ್ಕಾರಿ ಕೆಲಸದಲ್ಲಿರುವವರನ್ನು ಆ ಅವಸ್ಥೆಯಲ್ಲಿ ನೋಡಲಾರದೆ, ಕಳೆದ ವಾರ ಮೂರು ದಿನ ಬೆಳಿಗ್ಗೆ ಶಾಲೆಯ ನಲ್ಲಿಗೆ ಪೈಪು ಸಿಕ್ಕಿಸಿ ತಮಗೆ ತಲೆಸ್ನಾನ ಮಾಡಿಸಿದೆ. ನೀರು ಬಿದ್ದಾಗೆಲ್ಲ ತಮ್ಮ ಹೊಟ್ಟೆಯೊಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಹಾಯೆನಿಸಿರಬೇಕು ಎಂದುಕೊಂಡು ಇನ್ನಷ್ಟು ಹೊತ್ತು ಹಿಡಿದೆ. ಒಳಗಿನ ಪುಟ್ಟ ಚಮಚವೊಂದು ತುಂಬಿ ಮಗುಚಿದಾಗೆಲ್ಲ ತಾವು ನಗರದ ಮಳೆ ಕಚೇರಿಗೆ ಇಲ್ಲಿ ಮಳೆ, ಇಲ್ಲಿ ಮಳೆ ಎಂದು ಸುದ್ದಿ ಮುಟ್ಟಿಸುತ್ತಿದ್ದೀರೆಂದು ನನಗೇನು ಕನಸು ಬಿದ್ದಿತ್ತೇ?

ನಾಲ್ಕನೆಯ ದಿನ ಪತ್ರಿಕೆಯಲ್ಲಿ ಮೊಟ್ಟಮೊದಲ ಬಾರಿಗೆ ನಮ್ಮೂರಿನ ಹೆಸರು ಬಂತು. ಎಲ್ಲೆಡೆ ಸುಡುಬಿಸಿಲು, ನಮ್ಮಲ್ಲಿ ಮಾತ್ರ ದಾಖಲೆ ಮಳೆ! ಕ್ಷೌರದಂಗಡಿಯಲ್ಲಿ ದಿನಾ ಪತ್ರಿಕೆ ಓದಿ ಹೇಳುವವನು ನಾನೇ ಆದ್ದರಿಂದ ಸುದ್ದಿಯನ್ನು ಎರಡು ಸಲ ಓದಿ, ನನ್ನ ಮೊಣಕಾಲು ಈ ಮಳೆಯನ್ನು ವಾರದ ಹಿಂದೆಯೇ ಹೇಳಿತ್ತೆಂದೂ ಸೇರಿಸಿದೆ. ಕ್ಷೌರಿಕ ಕತ್ತರಿ ನಿಲ್ಲಿಸಿ, ಧೂಳೇಳುತ್ತಿದ್ದ ಬೀದಿಯನ್ನೊಮ್ಮೆ ನೋಡಿ, "ಮಾವ, ಈ ಮಳೆ ನಿಮ್ಮ ಮೊಣಕಾಲಿನ ಮೇಲಷ್ಟೇ ಬಿತ್ತಾ?" ಎಂದು ಕೇಳಿದ.

ಅಲ್ಲಿಗೆ ಮುಗಿದಿದ್ದರೆ ನಾನು ಕಾಗದ ಹಾಳುಮಾಡುತ್ತಿರಲಿಲ್ಲ. ಸೇತುವೆ ಮುಳುಗಿರಬೇಕೆಂದು ಬಸ್ಸಿನ ಕಚೇರಿಯವರು ಊರಿಗೆ ಬರುವ ಒಂದೇ ಬಸ್ಸನ್ನು ಅಂದೇ ನಿಲ್ಲಿಸಿದರು. ಆ ಸೇತುವೆಯ ಕೆಳಗೆ ಮೇಕೆ ಬಾಯಿ ಒದ್ದೆ ಮಾಡಿಕೊಳ್ಳುವಷ್ಟೂ ನೀರಿಲ್ಲವೆಂದು ಫೋನಿನಲ್ಲಿ ಎಷ್ಟು ಹೇಳಿದರೂ, ಅಲ್ಲಿನ ಗುಮಾಸ್ತರು ನನ್ನನ್ನು ಸಮಾಧಾನಪಡಿಸಿ, ಹೆದರದೆ ಎತ್ತರದ ಜಾಗಕ್ಕೆ ಹೋಗಿ ಕೂರಲು ಸಲಹೆ ಕೊಟ್ಟರು. ಇತ್ತ ನಮ್ಮ ಮಗಳು ಹೆತ್ತು ಹತ್ತು ದಿನವಾಯಿತು. ಮೊಮ್ಮಗಳನ್ನು ನೋಡಲು ಹೊರಟ ನನ್ನ ಹೆಂಡತಿಯ ಚೀಲ ಐದು ದಿನದಿಂದ ಬಾಗಿಲ ಬಳಿಯೇ ಕೂತಿದೆ. ಮೊದಲ ದಿನ ಆಕೆ ತಮ್ಮನ್ನು ಬೈದಳು. ಎರಡನೆಯ ದಿನ ಹಿತ್ತಲಿನಲ್ಲಿ ಕಾಗೆ ಹಿಕ್ಕೆ ಮೆತ್ತಿದ್ದ ಪೈಪನ್ನು ನೋಡಿದಳು. ಅಂದಿನಿಂದ ತಮ್ಮನ್ನು ಬೈಯುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಯಪೂರ್ವಕ ಕೋರಿಕೆ ಇಷ್ಟೇ. ಕಳಿಸಿದ ಮಳೆಯನ್ನು ದಯಮಾಡಿ ವಾಪಸು ತರಿಸಿಕೊಳ್ಳಿ. ಅದಾಗದಿದ್ದರೆ ಮೂರು ದಿನ ಮಳೆ ಕೆಳಗಿನಿಂದ ಮೇಲಕ್ಕೆ ಹೋಯಿತೆಂದು ವರದಿ ಮಾಡಿ, ಲೆಕ್ಕ ಸರಿಹೋಗುತ್ತದೆ. ಅದೂ ಆಗದಿದ್ದರೆ ಒಮ್ಮೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲಿ. ಅಲ್ಲಿ ಗುಡುಗುತ್ತಿರುವುದನ್ನು ಅಳೆಯಲು ತಮ್ಮ ಚಮಚ ಸಾಲುತ್ತದೆಯೇ ನೋಡೋಣ.

ನಿನ್ನೆ ಆಕೆ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟು, "ಅಳೆಯೋದನ್ನ ತೊಳೆದವರು ಯಾರು ಅಂತ ನೀವು ಬರೀತೀರೋ, ನಾನು ಬರೀಲೋ?" ಎಂದಳು. ಆಕೆಯ ಅಕ್ಷರ ನನಗಿಂತ ದುಂಡಗಿದೆ, ಯಾರಿಗಾದರೂ ಓದಲು ಬರುತ್ತದೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ: ಆ ಮಳೆ ಆಕಾಶದ್ದಲ್ಲ, ಶಾಲೆಯ ನಲ್ಲಿಯದು. ಪೈಪು ಹಿಡಿದವನು ನಾನು. ನನ್ನ ಮೊಣಕಾಲಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ದಯವಿಟ್ಟು ಬಸ್ಸು ಬಿಡಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬೀಗದ ಕೈ ಮಾವ

ವಿ.ಸೂ.: ಮೇಲಿನದನ್ನು ಬರೆದು ಮೂರು ದಿನವಾಯಿತು. ಈ ಪತ್ರದ ಪ್ರತಿಗಳು ಬಸ್ಸಿನ ಕಚೇರಿಗೂ ಮಳೆ ಕಚೇರಿಗೂ ತಲುಪಿವೆ, ತಮ್ಮ ಬೇಲಿಗೆ ಕಟ್ಟುವ ಪ್ರತಿಗೆ ಮಾತ್ರ ಈ ಸಾಲುಗಳು. ಇಂದು ಬೆಳಿಗ್ಗೆ ಬಸ್ಸು ಬಂತು, ಆಕೆ ಕಿಟಕಿ ಪಕ್ಕ ಕೂತು ನಗುತ್ತಲೇ ಹೋದಳು. ಬಸ್ಸು ಕಣ್ಮರೆಯಾಗಿ ಗಂಟೆಯಾಗಿಲ್ಲ, ಈ ವರ್ಷದ ಮೊದಲ ಮಳೆ ಧೋ ಎಂದು ಸುರಿಯುತ್ತಿದೆ. ತಾವು ಎಂದಿನ ಪ್ರಾಮಾಣಿಕತೆಯಿಂದ ವರದಿ ಮಾಡಿದಿರಿ. ಮಳೆ ಕಚೇರಿಯಿಂದ ಈಗಷ್ಟೇ ನನಗೆ ಫೋನು ಬಂದಿತ್ತು: "ಯಜಮಾನರೇ, ದಯವಿಟ್ಟು ನಲ್ಲಿ ನಿಲ್ಲಿಸಿ."